ಗೋವಾ ಕಡಲತೀರದ ಹೊಸ ಅಪಾರ್ಟ್‌ಮೆಂಟುಗಳಿಗೆ ಊರವರ ವಿರೋಧ ಯಾಕೆ? ಕನ್ನಡಿಗರು ಅಲ್ಲಿ ಫ್ಲ್ಯಾಟ್ ತಗೊಳ್ಳಬಹುದಾ?

ಹುಬ್ಬಳ್ಳಿಯಲ್ಲಿದ್ದುಕೊಂಡು ದಕ್ಷಿಣ ಗೋವಾದಲ್ಲಿ ಸಮುದ್ರ ಕಾಣುವ ಒಂದು ಫ್ಲ್ಯಾಟಿಗೆ ಮುಂಗಡ ಕೊಡಬೇಕು ಅಂತಿದ್ದೀರಿ. ಅಷ್ಟರಲ್ಲಿ ಆ ಊರವರು ಬೋರ್ಡ್ ಹಿಡಿದು ನಿಂತ ವಿಡಿಯೋ ನೋಡಿ, 'ನಾವು ಕನ್ನಡದವರು ಅಂತ ಹಿಂಗ ಮಾಡ್ತಾರಾ?' ಎಂದು ಕೇಳಿದ್ದೀರಿ. ಇಲ್ಲ. ನಿಮ್ಮ ಭಾಷೆ ಯಾವುದು ಅಂತ ಅವರಿಗೆ ಬೇಕಾಗಿಲ್ಲ. ನಿಮ್ಮ ಕಟ್ಟಡದ ನೆಲದಡಿಯ ಟಾಕಿಗೆ ನೀರು ಎಲ್ಲಿಂದ ಬರುತ್ತದೆ ಅನ್ನೋದೇ ಅವರ ಜಗಳ.

ನಾನು ಪ್ಲಂಬಿಂಗ್ ಕೆಲಸದವನು, ಇಳಕಲ್ ಕಡೆಯವನು. ಗೋವಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮೊದಲು ವಾಸ್ಕೋದಲ್ಲಿದ್ದೆ, ಈಗ ಜುವಾರಿ ನದಿ ಸಮುದ್ರ ಸೇರುವಲ್ಲಿನ ಒಂದು ಹಳ್ಳಿಯಲ್ಲಿದ್ದೇನೆ. ವೋಟರ್ ಲಿಸ್ಟಿನಲ್ಲಿ ಹೆಸರಿದೆ, ಹಾಗಾಗಿ ಭಾನುವಾರದ ಗ್ರಾಮಸಭೆಗೂ ಹೋಗುತ್ತೇನೆ. ನಮ್ಮೂರಿಗೂ ಅಂಥದೇ ಒಂದು ಪ್ರಾಜೆಕ್ಟ್ ಬಂದಿದೆ: ಮೇಲೆ ಗುಡ್ಡ, ಕೆಳಗೆ ಗದ್ದೆ, ಆಚೆ ನೀರು. ಅದರ ಪೈಪ್ ಕೆಲಸಕ್ಕೆ ನಾನೂ ಕೊಟೇಶನ್ ಕೊಟ್ಟವನು. ಆದ್ದರಿಂದ ನಾನು ಪೂರಾ ತಟಸ್ಥ ಅಂತ ತಿಳಿಯಬೇಡಿ.

ನೀರಿನ ಲೆಕ್ಕ ಹೇಳುತ್ತೇನೆ, ಅದು ನನ್ನ ಕಸುಬು. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿದು ನಾವು ಟಾಕಿಯ ಅಳತೆ ಹಾಕುವುದು. ನೂರು ಫ್ಲ್ಯಾಟ್, ಮನೆಗೆ ನಾಲ್ಕು ಮಂದಿ ಅಂದರೆ ದಿನಕ್ಕೆ 54,000 ಲೀಟರ್. ಈಜುಕೊಳ, ಹುಲ್ಲುಹಾಸು ಬೇರೆ. ನಮ್ಮ ಮುರಗಾಂವ್ ತಾಲೂಕಿಗೆ ನೀರು ಬರುವುದು ದೂರದ ಸಾಂಗೆ ತಾಲೂಕಿನ ಸಾಲಾವಲಿ ಅಣೆಕಟ್ಟೆಯಿಂದ. ಊರಿನ ನಲ್ಲಿಯಲ್ಲಿ ದಿನಕ್ಕೆ ಕೆಲವು ತಾಸು ಬಂದರೆ ಪುಣ್ಯ. ಹಾಗಾದರೆ ಕಾಂಪ್ಲೆಕ್ಸಿಗೆ ಎಲ್ಲಿಂದ? ಬೋರ್‌ವೆಲ್, ಇಲ್ಲವೇ ಟ್ಯಾಂಕರ್. ಟ್ಯಾಂಕರಿನವನು ತುಂಬಿಸಿಕೊಳ್ಳುವುದು ಪಕ್ಕದೂರಿನ ಯಾರದೋ ಬಾವಿಯಿಂದ. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ಆರು ಸಲ ಆ ಇಕ್ಕಟ್ಟಿನ ರಸ್ತೆಯಲ್ಲಿ ಹೋಗಿ ಬರಬೇಕು.

'ಫ್ಲ್ಯಾಟುಗಳು ವರ್ಷವೆಲ್ಲ ಖಾಲಿ ಇರ್ತಾವಲ್ಲ' ಅಂತ ಬಿಲ್ಡರ್ ಕಡೆಯವರು ಸಭೆಯಲ್ಲಿ ಸಮಾಧಾನ ಹೇಳಿದರು. ಖಾಲಿ ಇರುವುದು ಖರೆ. ತುಂಬುವುದು ಯಾವಾಗ ಅಂದರೆ ಕ್ರಿಸ್ಮಸ್ಸಿಗೆ, ಆಮೇಲೆ ಮಕ್ಕಳ ಬೇಸಿಗೆ ರಜೆಗೆ. ಮೇ ತಿಂಗಳು ಅಂದರೆ ಊರ ಬಾವಿಗಳ ತಳ ಕಾಣುವ ಕಾಲ. ಅದೂ ಕಡಲ ಪಕ್ಕದ ಬಾವಿ. ಸಿಹಿನೀರನ್ನು ಹೆಚ್ಚು ಎಳೆದಷ್ಟೂ ಅಡಿಯಿಂದ ಉಪ್ಪುನೀರು ಒಳಗೆ ಬರುತ್ತದೆ, ಒಮ್ಮೆ ಬಂದದ್ದು ಬೇಗ ಹೋಗುವುದಿಲ್ಲ. ನಮ್ಮ ಮನೆ ಹಿಂದಿನ ಮುದುಕಿಯ ಬಾವಿಗೆ ನಾನೇ ಪಂಪ್ ಕೂರಿಸಿದ್ದೆ. ಹೋದ ಬೇಸಿಗೆಯಲ್ಲಿ ಕರೆದು, "ಪುತಾ, ಚಹಾ ಕುಡಿ" ಅಂತ ಕಪ್ ಕೈಗಿಟ್ಟಳು. ಒಂದು ಗುಟುಕಿಗೇ ನಾಲಿಗೆಗೆ ಉಪ್ಪು ಹತ್ತಿತು, ಹಾಲು ಒಡೆದಿತ್ತು. ಪಂಪಿನ ಕಿಮ್ಮತ್ತು ವಾಪಸ್ ಕೇಳುತ್ತಾಳೇನೋ ಅಂದುಕೊಂಡೆ. ಕೇಳಲಿಲ್ಲ, ಬರೀ ನಾನು ಕಪ್ ಖಾಲಿ ಮಾಡುವುದನ್ನೇ ನೋಡುತ್ತ ಕೂತಳು.

ಇನ್ನು ಕೆಳಗಿನ ಗದ್ದೆ. ಇಲ್ಲಿ ಅದನ್ನು ಖಾಜನ್ ಅನ್ನುತ್ತಾರೆ. ಕುಮಟೆ ಕಡೆ ಅಘನಾಶಿನಿ ದಂಡೆಯ ಗಜನಿ ಭೂಮಿ ನೋಡಿದ್ದರೆ ಥಟ್ಟನೆ ಗೊತ್ತಾಗುತ್ತದೆ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೋರಗುಟ್. ಎರಡೂ ಉಪ್ಪು ತಡೆಯುವಂಥವು. ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ ಭೂಮಿಯನ್ನು ಮಣ್ಣಿನ ಒಡ್ಡು ಕಟ್ಟಿ ಕಾಪಾಡಿಕೊಂಡಿದ್ದಾರೆ, ಪೋರ್ಚುಗೀಸರು ಬರುವುದಕ್ಕೂ ಮೊದಲಿನಿಂದ. ಒಡ್ಡಿಗೆ ಮಾನಸ್ ಅನ್ನುವ ಮರದ ಬಾಗಿಲು. ಉಬ್ಬರ ಬಂದಾಗ ಹೊರಗಿನ ನೀರೇ ಅದನ್ನು ದೂಡಿ ಮುಚ್ಚುತ್ತದೆ, ಇಳಿತದಲ್ಲಿ ಒಳಗಿನ ನೀರೇ ತೆರೆದುಕೊಂಡು ಹೊರಗೆ ಹೋಗುತ್ತದೆ. ಮೊದಲ ಸಲ ನೋಡಿದಾಗ ನಾನು ಒಂದು ತಾಸು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದೆ. ನಾವು ಅಂಗಡಿಯಿಂದ ತಂದು ಕೂರಿಸುವ ನಾನ್ ರಿಟರ್ನ್ ವಾಲ್ವ್ ಅದೇ ಅಲ್ಲವಾ! ಕರೆಂಟಿಲ್ಲ, ಸ್ಪ್ರಿಂಗಿಲ್ಲ.

ಗುಡ್ಡ ಕಡಿದರೆ ಮೊದಲ ಮಳೆಗೇ ಕೆಂಪು ಮಣ್ಣು ಇಳಿದು ಈ ಬಾಗಿಲಿನ ಕಾಲುವೆ ಹೂಳುತ್ತದೆ. ಗದ್ದೆಗೆ ಮಣ್ಣು ತುಂಬಿ ಏರಿಸಿದರಂತೂ ಅಲ್ಲಿ ನಿಲ್ಲುತ್ತಿದ್ದ ನೀರು ಊರೊಳಗೆ ನುಗ್ಗುತ್ತದೆ. ಗೋವಾದ ನಗರ ಯೋಜನಾ ಕಾಯ್ದೆಯಲ್ಲಿ ಅನುಮತಿ ಇಲ್ಲದೆ ಗುಡ್ಡ ಕಡಿಯುವುದೂ ತಗ್ಗು ತುಂಬುವುದೂ ಅಪರಾಧ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯೂ ಗೋವಾದ ಖಾಜನ್ ಭೂಮಿಯನ್ನು ಹೆಸರಿಟ್ಟು ಕಾಪಾಡಿದೆ. ಆದರೆ ಜೆಸಿಬಿ ಶನಿವಾರ ಸಂಜೆ ಬರುತ್ತದೆ, ಕಚೇರಿ ತೆರೆಯುವುದು ಸೋಮವಾರ.

ಗ್ರಾಮಸಭೆಯಲ್ಲಿ ಎಲ್ಲರದೂ ಒಂದೇ ದನಿ ಅಂತ ತಿಳಿಯಬೇಡಿ. ಮೀನುಗಾರರಿಗೆ ದೋಣಿ ಎಳೆದುಕೊಳ್ಳುವ ದಾರಿಗೆ ಗೇಟ್ ಬೀಳುತ್ತದೆ ಅನ್ನೋ ಭಯ. ಜಾಗ ಮಾರಿದವರೂ ಇದೇ ಊರಿನವರೇ, ಮಕ್ಕಳು ಪೋರ್ಚುಗಲ್‌ನಲ್ಲಿ, ಲಂಡನ್ನಿನಲ್ಲಿ. ಆ ಮಾರಿದವರು ಸಭೆಗೆ ಬರಲೇ ಇಲ್ಲ. ಬಾಡಿಗೆ ಟ್ಯಾಕ್ಸಿಯ ಹುಡುಗರು ಒಳಗೊಳಗೇ ಖುಷಿ. ನಮ್ಮ ಕಡೆಯ ಸೆಂಟ್ರಿಂಗಿನವರು, ಗಿಲಾವು ಮಾಡುವವರು ಹೊರಗೆ ಮಾವಿನ ಮರದ ಕೆಳಗೆ ನಿಂತು, "ಅಣ್ಣಾರ, ಕೆಲಸ ಚಾಲೂ ಆಗ್ತದೋ ಇಲ್ಲೋ ಅಷ್ಟ ಹೇಳ್ರಿ" ಅಂತಿದ್ದರು. ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದ ಆ ಮಂದಿಗೆ ಯಾವ ನಕ್ಷೆ ಪಾಸಾದರೂ ಅದೇ ಪಗಾರ.

ಒಬ್ಬ ಹುಡುಗ ಎದ್ದು 'ಭಾಯಲೆ' ಅಂತ ಶುರು ಮಾಡಿದ, ಅಂದರೆ ಹೊರಗಿನವರು. ನಾನು ಬಂದ ಹೊಸದರಲ್ಲಿ ಆ ಮಾತು ನಮಗೇ ಮೀಸಲು, 'ಘಾಂಟಿ', ಅಂದರೆ ಘಟ್ಟದ ಮೇಲಿನವರು, ಅನ್ನೋ ಬೈಗುಳ ಅದರ ಜೊತೆಗೆ. ಈಗ ಅವನು ಬೈದದ್ದು ದಿಲ್ಲಿಯವರನ್ನು. ನಮಗೆ ಸ್ವಲ್ಪ ಬಡ್ತಿ ಸಿಕ್ಕಿದೆ ಅನ್ನಬಹುದು! ಮಹದಾಯಿ ಸುದ್ದಿ ಪೇಪರಿನಲ್ಲಿ ಬಂದ ವಾರ ಮಾತ್ರ ಹಳೆಯ ಹುದ್ದೆಗೇ ಇಳಿಸುತ್ತಾರೆ.

ಆದರೂ ಅವತ್ತು ನನಗೆ ಒಂದು ಮಾತು ಆಡಬೇಕೆನಿಸಿ ಆಡದೆ ಬಂದೆ, ಇಲ್ಲಿ ಬರೆದುಬಿಡುತ್ತೇನೆ. ವಾಸ್ಕೋದ ಬೈನಾ ಬೀಚಿನಲ್ಲಿ ನಮ್ಮವರ ಮನೆಗಳಿದ್ದವು. 2004ರಲ್ಲಿ ಒಮ್ಮೆ ದೊಡ್ಡದಾಗಿ ಕೆಡವಿದರು, 2015ರಲ್ಲಿ ಮತ್ತೊಮ್ಮೆ. ಎರಡನೇ ಸಲ ಹೋದದ್ದರಲ್ಲಿ ನಮ್ಮ ದೊಡ್ಡವ್ವನ ಮನೆಯೂ ಇತ್ತು. ಮರಳ ಮೇಲೆ ಕಟ್ಟಿದ್ದು, ಕಡಲ್ಕೊರೆತದ ಅಪಾಯ ಅಂದರು. ಅದು ಸುಳ್ಳೂ ಅಲ್ಲ. ಆಕೆ ರೊಟ್ಟಿ ಹಂಚು, ಎಲ್ಲಮ್ಮನ ಫೋಟೋ, ಗ್ಯಾಸ್ ಸಿಲಿಂಡರ್ ರಸ್ತೆಗೆ ತಂದಿಟ್ಟು, ಬಾಗಿಲಿನ ಚೌಕಟ್ಟು ಸಾಗವಾನಿದು, ಅದನ್ನು ಮುರೀಬ್ಯಾಡ್ರೋ ಅಂತ ಜೆಸಿಬಿಯವನಿಗೆ ಕೈಮುಗಿದಳು. ಅವನೂ ನಮ್ಮ ಕಡೆಯವನೇ, ಇಳಿದು ಬಂದು ಬಿಚ್ಚಿಕೊಟ್ಟ. ಕಡಲ ದಂಡೆಯ ನಿಯಮ ಮೊದಲು ಬಂದದ್ದು 1991ರಲ್ಲಿ. ಅದನ್ನು ನಮ್ಮ ದೊಡ್ಡವ್ವನಿಗೆ ಅಂಗುಲ ಅಂಗುಲ ಓದಿ ಹೇಳಿದರು. ಅದೇ ಟೇಪು ಗುಡ್ಡದ ಮೇಲಿನ ಕಾಂಪ್ಲೆಕ್ಸಿಗೂ ಹಿಡಿಯಲಿ ಅಂತ ಊರವರು ಕೇಳುವಾಗ ನಾನು ಅವರ ಕಡೆ. ಬೈನಾದಲ್ಲಿ ಮನೆ ಬಿದ್ದಾಗ ಇವರು ಎಲ್ಲಿದ್ದರು ಅಂತಲೂ ಹೊಟ್ಟೆ ಉರಿಯುತ್ತದೆ. ಎರಡೂ ಖರೆ.

ನೀವು ಕೊಳ್ಳುವ ವಿಷಯಕ್ಕೆ ಬರೋಣ. ಬ್ರೋಷರ್ ಪಕ್ಕಕ್ಕಿಡಿ. ಸರ್ವೆ ನಕ್ಷೆ ಮತ್ತು 'ಒಂದು-ಹದಿನಾಲ್ಕು' ಅನ್ನುವ ನಮೂನೆ ಕೇಳಿ. ನಮ್ಮ ಪಹಣಿ ಇದ್ದ ಹಾಗೆ ಅದು. ಗೇಣಿದಾರನ ಹೆಸರು ಇದ್ದರೆ ಅಲ್ಲೇ ಕಾಣುತ್ತದೆ. ಮನೆ ಕಟ್ಟಲು ಭೂಮಿ ಪರಿವರ್ತನೆಯ ಸನದು ಆಗಿದೆಯೇ ನೋಡಿ. ಮುಖ್ಯವಾದದ್ದು, ಆ ಜಾಗ ಮೊದಲಿನಿಂದಲೂ ವಸತಿ ವಲಯವೇ, ಅಥವಾ ಈಚೆಗೆ ತೋಟದಿಂದಲೋ ಗದ್ದೆಯಿಂದಲೋ ಬದಲಾದದ್ದೇ? ನಕ್ಷೆಯ 'ತಪ್ಪು ತಿದ್ದುತ್ತೇವೆ' ಅಂತ 2023ರಲ್ಲಿ ಅದೇ ನಗರ ಯೋಜನಾ ಕಾಯ್ದೆಗೆ 17(2) ಅನ್ನುವ ಕಲಮು ತಂದು ಚೂರು ಚೂರು ಜಾಗದ ವಲಯ ಬದಲಿಸಿದರು. 2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದರ ನಿಯಮಗಳನ್ನು ರದ್ದು ಮಾಡಿತು. 2024ರಲ್ಲಿ ಬಂದ 39ಎ ಅನ್ನುವುದು ವಲಯ ಬದಲಿಸುವ ಇನ್ನೊಂದು ಕಲಮು, ಅದಕ್ಕೂ ಊರೂರಲ್ಲಿ ವಿರೋಧ ಎದ್ದಿತು. ಇದು ಈಗಿನ ಗದ್ದಲ ಮಾತ್ರ ಅಲ್ಲ. ಇಲ್ಲಿಯ ಜನ 2007ರಲ್ಲಿ 'ಪ್ರಾದೇಶಿಕ ಯೋಜನೆ 2011' ಅನ್ನುವ ಇಡೀ ರಾಜ್ಯದ ನಕ್ಷೆಯನ್ನೇ ಸರ್ಕಾರ ವಾಪಸ್ ತೆಗೆದುಕೊಳ್ಳುವಂತೆ ಮಾಡಿದವರು. ಅವರು ಸುಮ್ಮನಾಗುತ್ತಾರೆ ಅಂತ ಏಜೆಂಟ್ ಹೇಳಿದರೆ ನಂಬಬೇಡಿ.

ಸಮುದ್ರದಿಂದ ಎಷ್ಟು ದೂರ ಅಂತ ಕಣ್ಣಳತೆ ಬೇಡ. ಆ 2011ರ ಅಧಿಸೂಚನೆಯ ಪ್ರಕಾರ ಹಳ್ಳಿ ಭಾಗದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಜಾಗವಿಲ್ಲ, 500ರವರೆಗೆ ಕಟ್ಟುಪಾಡು. ಉಬ್ಬರ ಏರುವ ನದಿಯ ದಂಡೆಗೂ ಅಂತರವಿದೆ: 100 ಮೀಟರ್ ಅಥವಾ ನದಿಯ ಅಗಲ, ಯಾವುದು ಕಡಿಮೆಯೋ ಅದು. 'ಸಮುದ್ರ ದೂರ ಇದೆ' ಅನ್ನುವವರು ಬಗಲಲ್ಲೇ ಇರುವ ಕಾಲುವೆಯ ಸುದ್ದಿ ಎತ್ತುವುದಿಲ್ಲ. ರೇರಾ ನಂಬರ್, ಅಂದರೆ ಬಿಲ್ಡರ್‌ಗಳ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರದ ನೋಂದಣಿ, ಇದ್ದೇ ಇರಬೇಕು. ಜಾಗ ಮಾರಿದವರ ಸಹಿಯಲ್ಲಿ ಗಂಡ ಹೆಂಡತಿ ಇಬ್ಬರದೂ ಇದೆಯೇ ಅಂತ ವಕೀಲರಿಗೆ ತೋರಿಸಿ. ಇಲ್ಲಿಯ ನಾಗರಿಕ ಸಂಹಿತೆಯಲ್ಲಿ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು.

ಡಿಸೆಂಬರಿನಲ್ಲಿ ಬಂದು ನೋಡಿದರೆ ಎಲ್ಲ ಚಂದವೇ ಕಾಣುತ್ತದೆ. ಜುಲೈನಲ್ಲಿ ಒಮ್ಮೆ ಬಂದು ಗುಡ್ಡದಿಂದ ನೀರು ಎತ್ತ ಇಳಿಯುತ್ತದೆ ನೋಡಿ, ಮೇ ಕೊನೆಯ ವಾರ ಒಮ್ಮೆ ಬಂದು ಅದೇ ಬಿಲ್ಡರ್ ಮುಗಿಸಿದ ಹಳೇ ಕಾಂಪ್ಲೆಕ್ಸಿನ ನಲ್ಲಿ ತಿರುಗಿಸಿ ನೋಡಿ. ಗೇಟಿನ ಮುಂದೆ ಟ್ಯಾಂಕರ್ ನಿಂತಿರುತ್ತದೆ. ಡ್ರೈವರ್ ನಮ್ಮ ಕಡೆಯವನೇ ಇರುವುದು ಹೆಚ್ಚು, ಕನ್ನಡದಲ್ಲೇ ಕೇಳಿ: ದಿನಕ್ಕ ಎಷ್ಟು ಟ್ರಿಪ್ಪು, ಯಾರ ಬಾವಿ ನೀರು. ಒಂದು ಚಹಾ ಕುಡಿಸಿದರೆ ಎಲ್ಲ ಹೇಳುತ್ತಾನೆ.