ಹಳೆ ಕ್ಯಾಮೆರಾ ವಿಡಿಯೊದಲ್ಲಿ ಶರ್ಟಿನ ಮೇಲೆ ಕಾಮನಬಿಲ್ಲು

ಡೊಂಬಿವಲಿಯಿಂದ ಕೇಳಿದವರಿಗೆ ಈ ಉತ್ತರ. ಕ್ಯಾನನ್ 600ಡಿ ಕ್ಯಾಮೆರಾದಲ್ಲಿ ಮದುವೆ ವಿಡಿಯೊ ತೆಗೆದಿದ್ದೀರಿ, ಮಾವನವರ ಸಣ್ಣ ಚೌಕಡಿ ಶರ್ಟಿನ ಮೇಲೆ ಹಸಿರು, ನೇರಳೆ ಅಲೆ ಓಡಾಡ್ತಿದೆ, ಫೋಟೊದಲ್ಲಿ ಮಾತ್ರ ಏನೂ ಇಲ್ಲ, ಲೆನ್ಸ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಲ್ಲ. ಸುಮ್ನೆ ರಿಪೇರಿಗೆ ದುಡ್ಡು ಸುರಿಯಬೇಡಿ.

ಇದಕ್ಕೆ ಮೊಯ್ರೆ ಅಂತಾರೆ. ನಿಮ್ಮ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್, 5184 × 3456 ಪಿಕ್ಸೆಲ್ (ಚುಕ್ಕಿ), ವಿಡಿಯೊಗೆ ಬೇಕಿರೋದು 1920 × 1080. ಆ ಕಾಲದ ಕ್ಯಾಮೆರಾಗೆ ಸೆಕೆಂಡಿಗೆ 25 ಸಲ ಎಲ್ಲ ಸಾಲನ್ನೂ ಓದುವ ತಾಕತ್ತಿಲ್ಲ. ಹಾಗಾಗಿ ಸುಮಾರು ಮೂರು ಸಾಲಿಗೆ ಒಂದನ್ನು ಓದಿ ಉಳಿದದ್ದನ್ನು ಬಿಡುತ್ತದೆ. ಬಟ್ಟೆಯ ಗೆರೆಗೂ ಈ ಬಿಟ್ಟು ಬಿಟ್ಟು ಓದುವ ಲೆಕ್ಕಕ್ಕೂ ತಾಳ ತಪ್ಪಿದರೆ ಇಲ್ಲದ ಗೆರೆ, ಇಲ್ಲದ ಬಣ್ಣ ಹುಟ್ಟುತ್ತದೆ. ಸೊಳ್ಳೆ ಪರದೆ ಎರಡು ಪದರ ಬಿದ್ದಾಗ ಅಲೆ ಕಾಣುತ್ತಲ್ವಾ, ಅದೇ ಇದು. ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಏಲಿಯಾಸಿಂಗ್, ಕಾರಣ ಅದೇ.

ಮಾಟುಂಗಾದಲ್ಲಿ ಒಂದು ಸೀಮಂತ ತೆಗೆಯುವಾಗ ನನಗೂ ಇದೇ ಆಯಿತು. ಹುಡುಗಿ ಉಟ್ಟಿದ್ದು ಸಣ್ಣ ಚೌಕಡಿಯ ಇಳಕಲ್ ಸೀರೆ. ನಾನು 50 ಎಂಎಂ ಲೆನ್ಸ್ ಹಾಕಿ ಟ್ರೈಪಾಡ್ ನೆಟ್ಟು ನೆಮ್ಮದಿಯಾಗಿ ನಿಂತೆ, ಐದು ಪಟ್ಟು ಹಿಗ್ಗಿಸಿ ಫೋಕಸ್ ನೋಡಿದಾಗ ಸೀರೆ ಚೊಕ್ಕವಾಗಿತ್ತು, ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಮಡಿಲ ತುಂಬಾ ಕಾಮನಬಿಲ್ಲು. ಹಿಗ್ಗಿಸಿದಾಗ ಕ್ಯಾಮೆರಾ ನಡುವಿನ ಭಾಗವನ್ನು ಸಾಲು ಬಿಡದೆ ಓದುತ್ತೆ, ಅದಕ್ಕೇ ಅಲ್ಲಿ ಮೊಯ್ರೆ ಕಾಣಲ್ಲ. ಈಗ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ದೊಡ್ಡ ಪರದೆಯಲ್ಲಿ ನೋಡದೆ ಶುರು ಮಾಡೋದೇ ಇಲ್ಲ.

ಅಲೆ ಕಂಡರೆ ಮೊದಲು ಕಾಲು ಆಡಿಸಿ. ಒಂದು ಹೆಜ್ಜೆ ಮುಂದೋ ಹಿಂದೋ ಹೋದರೆ, ಇಲ್ಲವೇ ಝೂಮ್ ಸ್ವಲ್ಪ ತಿರುಗಿಸಿದರೆ, ಎಷ್ಟೋ ಸಲ ಅಷ್ಟಕ್ಕೇ ಹೋಗುತ್ತದೆ. ಹಿಂದಿನ ಜಾಲರಿ, ಹಂಚಿನ ಮಾಡು ಮಿಣಮಿಣ ಅಂದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ತೆರೆದು ಹಿನ್ನೆಲೆ ಮಸುಕು ಮಾಡಿ. ಮುಖಕ್ಕೆ ಫೋಕಸ್ ಇಟ್ಟರೆ ಸೀರೆ ತುಸು ಮೆತ್ತಗಾದರೂ ಯಾರೂ ಕೇಳಲ್ಲ. ಕ್ಯಾಮೆರಾ ಮೆನುವಿನ ಪಿಕ್ಚರ್ ಸ್ಟೈಲ್‌ನಲ್ಲಿ ಶಾರ್ಪ್‌ನೆಸ್ 0 ಮಾಡಿ. ಅದರಿಂದ ಮೊಯ್ರೆ ಹೋಗಲ್ಲ, ಕಣ್ಣಿಗೆ ಹೊಡೆಯೋದು ಕಮ್ಮಿಯಾಗುತ್ತೆ ಅಷ್ಟೆ.

ನಿಮ್ಮ 600ಡಿಯಲ್ಲಿ ಇನ್ನೊಂದು ಅಸ್ತ್ರ ಇದೆ, ಜಾಸ್ತಿ ಜನ ಅದನ್ನು ಮುಟ್ಟೋದೇ ಇಲ್ಲ. ಮೂವಿ ಮೆನುವಿನಲ್ಲಿ ಡಿಜಿಟಲ್ ಝೂಮ್. ಹೆಸರು ಕೇಳಿ ಮೂಗು ಮುರಿಯಬೇಡಿ. ಸರಿಯಾಗಿ 3 ಪಟ್ಟಿನಲ್ಲಿಟ್ಟರೆ ಸೆನ್ಸರಿನ ನಡುಭಾಗವನ್ನು ಪಿಕ್ಸೆಲ್‌ಗೆ ಪಿಕ್ಸೆಲ್ ಓದುತ್ತದೆ, ಮೊಯ್ರೆ ಹೆಚ್ಚುಕಮ್ಮಿ ಮಾಯ. ಅದಕ್ಕಿಂತ ಮೇಲೆ ಹೋದರೆ ಬರೀ ಹಿಗ್ಗಿಸಿದ ಚಿತ್ರ. ಆದರೆ 18 ಎಂಎಂ ಲೆನ್ಸೂ ಆಗ 54 ಎಂಎಂ ಹಾಗೆ ಹತ್ತಿರ ಎಳೆದು ಕಾಣುತ್ತೆ, ಕತ್ತಲಲ್ಲಿ ಗ್ರೇನ್ (ಚುಕ್ಕಿ ಚುಕ್ಕಿ) ಜಾಸ್ತಿ. ಚಿಕ್ಕ ಮಂಟಪಕ್ಕೆ ಆಗಲ್ಲ. ಹಾಲ್‌ನ ಹಿಂದಿನ ಸಾಲಿನಿಂದ ಯಕ್ಷಗಾನ ತೆಗೆಯೋದಾದರೆ ಹೇಳಿ ಮಾಡಿಸಿದ ಹಾಗಿದೆ.

ಈಗಾಗಲೇ ತೆಗೆದ ಮದುವೆ ವಿಡಿಯೊಗೆ, ಎಡಿಟಿಂಗ್‌ನಲ್ಲಿ ಶರ್ಟಿಗೆ ಮಾತ್ರ ಮಾಸ್ಕ್ ಹಾಕಿ, ಅಂದರೆ ಆ ಭಾಗವನ್ನಷ್ಟೇ ಆರಿಸಿಕೊಂಡು, ಬಣ್ಣ ಇಳಿಸಿ. ಬಿಳಿ, ಬೂದು ಶರ್ಟಾದರೆ ಗೊತ್ತೇ ಆಗಲ್ಲ. ಬಣ್ಣದ ಶರ್ಟಾದರೆ ಬಣ್ಣವನ್ನಷ್ಟೇ ಬ್ಲರ್ ಮಾಡಬೇಕು, ಬೆಳಕು ನೆರಳು ಮುಟ್ಟಬಾರದು. ಕಪ್ಪು ಬಿಳುಪಿನ ಅಲೆ ಮಾತ್ರ ಉಳಿಯುತ್ತೆ, ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಮಾವನವರ ಶರ್ಟ್ ಯಾವ ಬಣ್ಣ?