ಓದುಗರು ಕೇಳಿದ್ದು, ನಾನು ಕೇಳಿದ್ದು

ಮಳೆ ಹಿಡಿದು ಕೂತಿದೆ. ಕುಂಬಳೆಯಲ್ಲಿ ನಿನ್ನೆ ಸಂಜೆ ಹೋದ ಕರೆಂಟು ಇವತ್ತು ಬೆಳಿಗ್ಗೆ ಬಂತು. ಹಾಗಾಗಿ ಈ ಸಲದ ಪತ್ರಗಳನ್ನೆಲ್ಲ ಟಾರ್ಚ್ ಹಿಡಿದು ಓದಿದ್ದು. ಕಳೆದ ಸಂಚಿಕೆಯಲ್ಲಿ ನಾನೊಂದು ಸಾಲು ಬರೆದಿದ್ದೆ: ಅಮೆರಿಕದ ಜಾಝ್ ಸಂಗೀತವನ್ನು ಹೊಸದಾಗಿ ಕೇಳುವವರು ಮೊದಲು ಪಿಯಾನೊ ನುಡಿಸುವ ಡೇವ್ ಬ್ರೂಬೆಕ್ ಅವರ 'ಟೈಮ್ ಔಟ್' ಆಲ್ಬಮ್ ಕೇಳಲಿ, ಟ್ರಂಪೆಟ್ ಊದುವ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಆಮೇಲೆ ಸಾಕು ಅಂತ. ಸುಮ್ನೆ ಬರೆದ ಸಾಲು, ಮಾರಾಯ್ರೆ. ಅದಕ್ಕೆ ಇಷ್ಟು ಬೈಗುಳ ಬರುತ್ತದೆ ಅಂತ ಗೊತ್ತಿದ್ದರೆ ಇನ್ನೂ ಜೋರಾಗಿ ಬರೆಯುತ್ತಿದ್ದೆ.

'ಟೈಮ್ ಔಟ್' ಅಂದ್ರೆ ಮಗ್ಗಿ ಪುಸ್ತಕ. ಲೆಕ್ಕ ಉಂಟು, ಜೀವ ಇಲ್ಲ. 'ಕೈಂಡ್ ಆಫ್ ಬ್ಲೂ' ಬಿಟ್ಟು ಅದನ್ನು ಮೊದಲು ಕೇಳಿ ಅನ್ನಲು ನಿಮಗೆ ಮನಸ್ಸಾದರೂ ಹೇಗೆ ಬಂತು? ಅಡಿಕೆಗೆ ಮದ್ದು ಬಿಡುವ ಗಡಿಬಿಡಿಯಲ್ಲೂ ಕೂತು ಬರೆಯುತ್ತಿದ್ದೇನೆ.
– ಬದಿಯಡ್ಕದ ಕೃಷಿಕರು

ಮಳೆ ಬಿಟ್ಟ ಎರಡು ದಿನದಲ್ಲಿ ಮದ್ದು ಬಿಟ್ಟು ಮುಗಿಸಬೇಕು, ಅದರ ನಡುವೆ ನನ್ನನ್ನು ಬೈಯಲು ಪುರುಸೊತ್ತು ಮಾಡಿಕೊಂಡಿರಲ್ಲ, ಸಂತೋಷ. ಮಹಾಳಿ ರೋಗ ನಿಮ್ಮ ತೋಟಕ್ಕೆ ಬಾರದಿರಲಿ.

ಎರಡೂ 1959ರ ಆಲ್ಬಮ್‌ಗಳು, ಎರಡನ್ನೂ ತಂದದ್ದು ಕೊಲಂಬಿಯ ಕಂಪೆನಿ. ಯಾವುದು ದೊಡ್ಡದು ಅಂತ ನೀವು ಕೇಳಿದರೆ ನಾನೂ 'ಕೈಂಡ್ ಆಫ್ ಬ್ಲೂ' ಅಂತಲೇ ಹೇಳುತ್ತೇನೆ. ನಾನು ಬರೆದದ್ದು ಮೊದಲು ಯಾವುದು ಅಂತ. ನಮ್ಮ ಕಡೆಯವರಿಗೆ ಚೆಂಡೆ ಮದ್ದಳೆ ಕೇಳಿ ಕೇಳಿ ತಾಳದ ಕಿವಿ ಮೊದಲೇ ತಯಾರಾಗಿರುತ್ತದೆ, ಅಲ್ವಾ? ಹತ್ತು ಅಕ್ಷರದ ಝಂಪೆ ತಾಳಕ್ಕೆ ಕಾಲು ತಟ್ಟುತ್ತಾ ಬಯಲಾಟ ನೋಡಿದವನಿಗೆ 'ಟೈಮ್ ಔಟ್'ನಲ್ಲಿರುವ ಐದು ಅಕ್ಷರದ 'ಟೇಕ್ ಫೈವ್' ಯಾವ ಲೆಕ್ಕ? ಅಮೆರಿಕದ ಜಾಝ್‌ನಲ್ಲಿ ಆಗ ಹೆಚ್ಚಿನದ್ದೆಲ್ಲ ನಾಲ್ಕರ ಎಣಿಕೆಯಲ್ಲೇ ಇತ್ತು. ಅಲ್ಲಿಯವರಿಗೆ ಐದು ಅಂದರೆ ವಿಚಿತ್ರ, ನಮಗೆ ಖಂಡ ಛಾಪು ತಾಳ. ನಾವು 'ತಕ ತಕಿಟ' ಅನ್ನುವುದನ್ನು ಅವರು ತಿರುಗಿಸಿ 'ತಕಿಟ ತಕ' ಅಂತ ನುಡಿಸಿದ್ದಾರೆ, ಅಷ್ಟೇ ವ್ಯತ್ಯಾಸ. ಪಿಯಾನೊ ಅದೊಂದನ್ನೇ ಹಿಡಿದು ಸುತ್ತುತ್ತಾ ಇರುತ್ತದೆ, ಅದರ ಮೇಲೆ ಜೋ ಮೊರೆಲ್ಲೊ ಡ್ರಮ್ಮಿನಲ್ಲಿ ಆಡುವುದನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ.

ಇನ್ನು ಜೀವ ಇಲ್ಲ ಅಂದಿರಿ. ಆ ಲೆಕ್ಕ ಬಂದದ್ದು ಪುಸ್ತಕದಿಂದ ಅಲ್ಲ, ಬೀದಿಯಿಂದ. 1958ರಲ್ಲಿ ಬ್ರೂಬೆಕ್ ತಂಡವನ್ನು ಅಮೆರಿಕ ಸರ್ಕಾರವೇ ತಿರುಗಾಟಕ್ಕೆ ಕಳುಹಿಸಿತ್ತು, ನಮ್ಮ ದೇಶಕ್ಕೂ ಬಂದಿದ್ದರು. ಆಗ ಟರ್ಕಿಯ ಬೀದಿಯಲ್ಲಿ ವಾದ್ಯದವರು ಒಂಬತ್ತನ್ನು ಎರಡು, ಎರಡು, ಎರಡು, ಮೂರು ಅಂತ ಒಡೆದು ನುಡಿಸುವುದನ್ನು ಬ್ರೂಬೆಕ್ ಕೇಳಿದರು. ಆಲ್ಬಮ್ಮಿನ ಮೊದಲ ತುಣುಕು ಹುಟ್ಟಿದ್ದು ಅಲ್ಲಿಂದ. ಒಂದು ಮಾತು ಒಪ್ಪುತ್ತೇನೆ. ಬ್ರೂಬೆಕ್ ಅವರ ಪಿಯಾನೊ ಕೆಲವು ಕಡೆ ಮರದ ಕೊರಡಿನ ಹಾಗೆ ಬಡಿಯುತ್ತದೆ. ಅದನ್ನು ಕಾಪಾಡುವುದು ಪಾಲ್ ಡೆಸ್ಮಂಡ್ ಅವರ ಆಲ್ಟೊ ಸ್ಯಾಕ್ಸೊಫೋನ್. 'ಟೇಕ್ ಫೈವ್' ರಚನೆ ಅವರದ್ದೇ. 1977ರಲ್ಲಿ ತೀರಿಕೊಂಡಾಗ ಅದರಿಂದ ಬರುವ ರಾಯಲ್ಟಿಯನ್ನೆಲ್ಲ ರೆಡ್‌ಕ್ರಾಸ್‌ಗೆ ಬರೆದಿಟ್ಟಿದ್ದರು. ಜೀವ ಇಲ್ಲದ ಮಗ್ಗಿ ಇಷ್ಟು ವರ್ಷ ದುಡಿಯುತ್ತದಾ?

ನಲವತ್ತು ವರ್ಷ ಹಿಂದೆ ಗಲ್ಫಿನಿಂದ ತಂದ 'ಕೈಂಡ್ ಆಫ್ ಬ್ಲೂ' ಕ್ಯಾಸೆಟ್ ನನ್ನಲ್ಲಿ ಈಗಲೂ ಉಂಟು. ಈಗ ಮಗ ಅದನ್ನೇ ಮೊಬೈಲಿನಲ್ಲಿ ಹಾಕಿಕೊಟ್ಟ. ನನಗೆ ಶ್ರುತಿ ಸ್ವಲ್ಪ ಇಳಿದ ಹಾಗೆ ಕೇಳಿಸುತ್ತದೆ. ಅವನು 'ಇಳಿದದ್ದು ನಿಮ್ಮ ಕಿವಿ, ಅಪ್ಪ' ಅಂತಾನೆ.
– ಉಪ್ಪಳದ ಹಿರಿಯ ಓದುಗರು

ಮಗನನ್ನು ಕರೆದು ಇದನ್ನು ಓದಿಸಿ. ನಿಮ್ಮ ಕಿವಿ ಸರಿಯಾಗಿಯೇ ಇರಬೇಕು.

1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಆ ಆಲ್ಬಮ್ಮಿನ ಮೊದಲ ಮಗ್ಗುಲಿನ ಮೂರು ತುಣುಕುಗಳನ್ನು ಮುದ್ರಿಸಿಕೊಂಡರು. ಆ ದಿನ ಟೇಪಿನ ಒಂದು ಯಂತ್ರ ಬೇಕಾದ್ದಕ್ಕಿಂತ ನಿಧಾನವಾಗಿ ಓಡುತ್ತಿತ್ತು. ನಿಧಾನ ಓಡುವ ಟೇಪಿನಲ್ಲಿ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಎಂತ ಆಗುತ್ತದೆ? ಎಲ್ಲವೂ ಚೂರು ಬೇಗ, ಚೂರು ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ಹಾಗೆಯೇ ಎಲ್‌ಪಿ ತಟ್ಟೆ ಬಂತು, ಹಾಗೆಯೇ ಕ್ಯಾಸೆಟ್ಟೂ ಬಂತು. ಲೋಕವೆಲ್ಲ ಮೂವತ್ತಕ್ಕೂ ಜಾಸ್ತಿ ವರ್ಷ ಅದನ್ನೇ ಕೇಳಿ ತಲೆದೂಗಿತು. ಸರಿಪಡಿಸಿದ ಮುದ್ರಣ ಬಂದದ್ದು 1992ರಲ್ಲಿ. ಮೊಬೈಲಿನಲ್ಲಿ ನಿಮಗೆ ಸಿಕ್ಕಿದ್ದು ಆ ಸರಿಯಾದದ್ದೇ ಇರಬೇಕು.

ಆದರೆ ಹಳೇ ಟೇಪ್‌ರೆಕಾರ್ಡರನ್ನೂ ನಂಬುವ ಹಾಗಿಲ್ಲ, ಬೆಲ್ಟು ಸಡಿಲವಾದರೆ ಅದೂ ಶ್ರುತಿ ಬದಲಾಯಿಸುತ್ತದೆ. ಪರೀಕ್ಷೆ ಸುಲಭ. ಎರಡನೇ ಮಗ್ಗುಲಿನದ್ದನ್ನು ಏಪ್ರಿಲ್ 22ರಂದು ಸರಿಯಾಗಿ ಮುದ್ರಿಸಿದ್ದರು. ಅದು ಎರಡರಲ್ಲೂ ಒಂದೇ ಶ್ರುತಿಯಲ್ಲಿದ್ದು, ಮೊದಲ ಮೂರು ಮಾತ್ರ ಬೇರೆ ಕೇಳಿದರೆ ಗೆದ್ದದ್ದು ನೀವು. ಎರಡು ಮಗ್ಗುಲೂ ಬೇರೆ ಕೇಳಿದರೆ ಬೆಲ್ಟು ಬದಲಾಯಿಸಿ.

ಶ್ರುತಿಯ ಮಾತು ಬಂತಲ್ಲ, ಇನ್ನೊಂದು. ಅದರ ಮೊದಲ ತುಣುಕು 'ಸೋ ವಾಟ್'ನ ಸ್ವರಗಳನ್ನು ಹಾರ್ಮೋನಿಯಂ ಇಟ್ಟುಕೊಂಡು ಹುಡುಕಿ. ಖರಹರಪ್ರಿಯ ರಾಗದ ಏಳು ಸ್ವರಗಳೇ ಸಿಗುತ್ತವೆ. ಮೊದಲು ಹದಿನಾರು ಆವರ್ತ ಅದರಲ್ಲೇ, ಆಮೇಲೆ ಎಂಟು ಆವರ್ತಕ್ಕೆ ಇಡೀ ಶ್ರುತಿಯನ್ನೇ ಅರ್ಧ ಮನೆ ಮೇಲಕ್ಕೆತ್ತಿ, ಮತ್ತೆ ಎಂಟಕ್ಕೆ ಹಳೇ ಮನೆಗೆ ಇಳಿಯುತ್ತಾರೆ. ರಾಗ ಅಂತ ನಾನು ಹೇಳುವುದಿಲ್ಲ, ಗಮಕ ಇಲ್ಲ, ಸಂಚಾರ ಬೇರೆ. ಆದರೂ ಸ್ವರಗಳು ನಮ್ಮ ಪರಿಚಯದವೇ. (ಬದಿಯಡ್ಕದವರೇ, ನೋಡಿ, ನಿಮ್ಮ ಆಲ್ಬಮ್ಮನ್ನೂ ಹೊಗಳಿದೆ.)

ಸಾರ್, ನಾನು ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನ್ ಕೇಳಿಯೇ ಬೆಳೆದವಳು. ಕಾಲೇಜಿನಲ್ಲಿ ಗೆಳತಿ 'ಸ್ಯಾಕ್ಸೊಫೋನ್ ಅಂದ್ರೆ ಜಾಝ್' ಅಂದಳು. ಹಾಗಾದರೆ ಕದ್ರಿ ಗೋಪಾಲನಾಥರದ್ದು ಜಾಝಾ?
– ಪೆರ್ಲದ ವಿದ್ಯಾರ್ಥಿನಿ

ಅಲ್ಲಮ್ಮ. ಅವರದ್ದು ಅಪ್ಪಟ ಕರ್ನಾಟಕ ಸಂಗೀತ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ನೋಡಿ ಮರುಳಾದ ಹುಡುಗ, ಅದರಲ್ಲಿ ಗಮಕ ನುಡಿಸಿ ತೋರಿಸಿದ್ದು ಸಣ್ಣ ಕೆಲಸ ಅಲ್ಲ. ಕೀಲಿ ಒತ್ತಿದರೆ ಸ್ವರ ಗಟ್ಟಿಯಾಗಿ ನಿಲ್ಲುವ ವಾದ್ಯ ಅದು, ಅದನ್ನು ಜಾರಿಸಬೇಕು, ಬಳುಕಿಸಬೇಕು.

ಆದರೆ ಜಾಝಿನವರು ಅವರನ್ನು ಬಿಡಲಿಲ್ಲ. 1980ರಲ್ಲಿ ಮುಂಬೈಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ವೇದಿಕೆ ಹಂಚಿಕೊಂಡರು. ಆಮೇಲೆ ರುದ್ರೇಶ್ ಮಹಾಂತಪ್ಪ ಅಂತ ಒಬ್ಬರು. ಹೆಸರು ಕೇಳಿದರೆ ಪಕ್ಕದ ಮನೆಯವರು ಅನ್ನಿಸುತ್ತದೆ, ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ನುಡಿಸುವುದು ಜಾಝ್ ಆಲ್ಟೊ ಸ್ಯಾಕ್ಸೊಫೋನ್. ಅವರ ಅಣ್ಣ ತಮಾಷೆಗೆ ಅಂತ ಗೋಪಾಲನಾಥರ ಒಂದು ಆಲ್ಬಮ್ ತಂದುಕೊಟ್ಟರಂತೆ. ತಮಾಷೆ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ ಇಬ್ಬರೂ ಸೇರಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ಮಾಡಿದರು. ಒಂದು ಕಡೆ ಕನ್ಯಾಕುಮಾರಿ ಅವರ ಪಿಟೀಲು, ಮೃದಂಗ, ಇನ್ನೊಂದು ಕಡೆ ಗಿಟಾರ್, ಡ್ರಮ್ಸ್. ಅದನ್ನು ಗೆಳತಿಗೆ ಕೇಳಿಸು. ಎರಡು ಸ್ಯಾಕ್ಸೊಫೋನಿನಲ್ಲಿ ಯಾವುದು ಯಾರದ್ದು ಅಂತ ಅವಳೇ ಹೇಳಲಿ, ಗಮಕ ಎಲ್ಲಿದೆ ಅಂತ ನೀನು ತೋರಿಸು.

ಕೀತ್ ಜ್ಯಾರೆಟ್ ಅವರ 'ಕ್ಯೋಲ್ನ್ ಕನ್ಸರ್ಟ್' ಹಾಕಿದಾಗಲೆಲ್ಲ ಅಮ್ಮ ಅಡಿಗೆ ಮನೆಯಿಂದ 'ಯಾರು ನರಳುವುದು?' ಅಂತ ಓಡಿ ಬರುತ್ತಾರೆ.
– ಮಂಜೇಶ್ವರ

ಪಿಯಾನೊ ನುಡಿಸುವ ಜ್ಯಾರೆಟ್ ಅವರೇ ನರಳುವುದು, ಅದು ಅವರ ಅಭ್ಯಾಸ. ಆವತ್ತು ನರಳಲು ಕಾರಣವೂ ಇತ್ತೆನ್ನಿ. 1975ರ ಜನವರಿ 24, ಜರ್ಮನಿಯ ಕ್ಯೋಲ್ನ್ ಊರಿನ ಆಪೆರಾ ಮಂದಿರ. ಕಛೇರಿ ಏರ್ಪಡಿಸಿದ ಹುಡುಗಿಗೆ ಬರೀ ಹದಿನೆಂಟು ವರ್ಷ. ಕೇಳಿದ ಪಿಯಾನೊ ಬದಲು ಯಾವುದೋ ಕೆಟ್ಟದ್ದನ್ನು ತಂದಿಟ್ಟಿದ್ದರು, ಮೇಲಿನ ಸ್ವರ ಕರ್ಕಶ, ಕೆಳಗಿನದ್ದಕ್ಕೆ ದಮ್ಮಿಲ್ಲ. ನುಡಿಸುವುದಿಲ್ಲ ಅಂತ ಹೊರಟವರನ್ನು ಅವಳು ಹೇಗೋ ಒಪ್ಪಿಸಿದಳು. ಅವರು ನಡುವಿನ ಮನೆಗಳಲ್ಲೇ ಜಾಸ್ತಿ ಓಡಾಡಿ, ಎಡಗೈಯಲ್ಲಿ ಒಂದೇ ವರಸೆಯನ್ನು ಬಡಿದು ಬಡಿದು, ಹೆಚ್ಚಿನದ್ದನ್ನೆಲ್ಲ ಅಲ್ಲಿಯೇ ಕಟ್ಟುತ್ತಾ ಒಂದು ಗಂಟೆಗೂ ಹೆಚ್ಚು ಹೊತ್ತು ನುಡಿಸಿದರು. ಅಮ್ಮನಿಗೆ ಇದನ್ನು ಹೇಳಿ. ಕೆಟ್ಟ ಒಲೆಯಲ್ಲಿ ಒಳ್ಳೆ ಅಡಿಗೆ ಮಾಡಿದವರಿಗೆ ಬೇಗ ಅರ್ಥವಾಗುತ್ತದೆ.

ಮಳೆಗಾಲಕ್ಕೆ ನನ್ನ ಎಲ್‌ಪಿ ತಟ್ಟೆಗಳಿಗೆಲ್ಲ ಬೂಸ್ಟು ಹಿಡಿದಿದೆ. ಏನು ಮಾಡಲಿ?
– ಮುಳ್ಳೇರಿಯ

ಬಟ್ಟಿ ಇಳಿಸಿದ ನೀರು, ಅಂದರೆ ಬ್ಯಾಟರಿಗೆ ಹಾಕುವ ನೀರು ತನ್ನಿ. ಮೆತ್ತಗಿನ ಬಟ್ಟೆಯಲ್ಲಿ ಗೆರೆಗಳ ದಾರಿಯಲ್ಲೇ ಸುತ್ತ ಒರೆಸಿ, ಅಡ್ಡಕ್ಕೆ ಉಜ್ಜಬೇಡಿ. ನಡುವಿನ ಚೀಟಿಗೆ ನೀರು ತಾಗದಿರಲಿ. ಪೂರ್ತಿ ಒಣಗಿಸಿ, ಒಳಗಿನ ಹಳೇ ಕಾಗದದ ಚೀಲ ಎಸೆದು ಹೊಸದು ಹಾಕಿ, ಇಲ್ಲದಿದ್ದರೆ ಬೂಸ್ಟು ಅಲ್ಲಿಂದಲೇ ವಾಪಸ್. ತಟ್ಟೆಗಳನ್ನು ನಿಲ್ಲಿಸಿಡಿ, ಹಪ್ಪಳದ ಹಾಗೆ ಪೇರಿಸಬೇಡಿ. ಅಜ್ಜನ ಕಾಲದ 78 ವೇಗದ ಅರಗಿನ ತಟ್ಟೆಗಳಿದ್ದರೆ ಸ್ಪಿರಿಟ್ ಮಾತ್ರ ಮುಟ್ಟಿಸಲೇಬೇಡಿ, ಅರಗು ಕರಗಿ ಹೋಗುತ್ತದೆ.

ನನ್ನ ಕಥೆಯೂ ಇದೆ. ಮಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಜಾಝ್ ದಿಗ್ಗಜ ಡ್ಯೂಕ್ ಎಲ್ಲಿಂಗ್ಟನ್ ಹೆಸರಿನ ಕವರು ನೋಡಿ, ಚೌಕಾಸಿ ಸಹ ಮಾಡದೆ ಓಡಿ ಬಂದೆ. ಮನೆಯಲ್ಲಿ ತೆಗೆದು ನೋಡಿದರೆ ಒಳಗೆ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ತಟ್ಟೆ. ಅದಕ್ಕೂ ಬೂಸ್ಟು.

ಹೆದ್ದಾರಿ ಬ್ಲಾಕಿನಲ್ಲಿ ಬಸ್ಸು ನಿಂತಾಗ ಕೇಳಲು ಒಂದು ಆಲ್ಬಮ್ ಹೇಳಿ.
– ಹೊಸಂಗಡಿಯಿಂದ ದಿನಾ ಕಾಸರಗೋಡಿಗೆ ಹೋಗಿ ಬರುವವರು

ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರಿನಲ್ಲಿ ಒಂದೇ ದಿನದಲ್ಲಿ ಮುದ್ರಿಸಿದ್ದು, ನಾಲ್ಕು ಭಾಗ, ಸುಮಾರು 33 ನಿಮಿಷ. ಬ್ಲಾಕು ಅದಕ್ಕಿಂತ ಉದ್ದ ಇದ್ದರೆ ಮೊದಲಿನಿಂದ ಹಾಕಿ. ಕೊನೆಯ ಭಾಗದಲ್ಲಿ ಕೋಲ್ಟ್ರೇನ್ ತಾವೇ ಬರೆದ ಪ್ರಾರ್ಥನೆಯನ್ನು ಬಾಯಲ್ಲಿ ಹೇಳದೆ, ಮಾತು ಮಾತನ್ನೂ ಸ್ಯಾಕ್ಸೊಫೋನಿನಲ್ಲಿ ಓದುತ್ತಾರೆ. ಬ್ಲಾಕಿನಲ್ಲಿ ನಾವೂ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುವವರು ತಾನೇ.

ನನ್ನ ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ನಾನು ಜಾಝ್ ಹಾಕಿದರೆ 'ಇದೆಂತ, ಒಂದು ಸಣ್ಣ ಹಾಡು ಹಿಡಿದು ಒಬ್ಬನೇ ಅಷ್ಟು ಹೊತ್ತು ಊದುವುದು?' ಅಂತ ಗೊಣಗುತ್ತಾರೆ. ಎಂತ ಉತ್ತರ ಕೊಡಲಿ?
– ಅಡೂರು

ಅವರನ್ನೇ ಕೇಳಿ: ಭಾಗವತರು ಹಾಡುವ ಪದ್ಯ ಎಷ್ಟು ಉದ್ದ, ಅದಕ್ಕೆ ನೀವು ಹೇಳುವ ಅರ್ಥ ಎಷ್ಟು ಉದ್ದ? ಪದ್ಯ ಎಲ್ಲರಿಗೂ ಗೊತ್ತಿರುವುದೇ. ವಾಲಿ ಸಾಯುತ್ತಾನೆ ಅಂತಲೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಇವತ್ತು ರಾಮನಿಗೆ ಏನು ಕೇಳುತ್ತಾನೋ ಅಂತ ಜನ ನಿದ್ದೆಗೆಟ್ಟು ಕೂತದ್ದು ಯಾಕೆ? ಬರೆದುಕೊಂಡು ಬಂದ ಮಾತಲ್ಲ, ಎದುರಿನವ ಏನೆಂದ ಅನ್ನುವುದರ ಮೇಲೆ ಹುಟ್ಟುವ ಮಾತು. ಜಾಝಿನಲ್ಲೂ ಮೊದಲು ಬರುವ ಸಣ್ಣ ಹಾಡು ಪದ್ಯ, ಆಮೇಲಿನದ್ದು ಅರ್ಥ.

ಬಾಯಲ್ಲಿ ಹೇಳಿದರೆ ಅವರು ಒಪ್ಪಲಿಕ್ಕಿಲ್ಲ, ಅರ್ಥಧಾರಿಯನ್ನು ವಾದದಲ್ಲಿ ಸೋಲಿಸಲು ಹೋಗಲೇಬೇಡಿ. ಸಂಜೆ ಕಾಪಿ ಕೊಟ್ಟು 'ಟೆನರ್ ಮ್ಯಾಡ್ನೆಸ್' ಹಾಕಿ. 1956ರದ್ದು, ಹನ್ನೆರಡು ನಿಮಿಷ, ಸೋನಿ ರಾಲಿನ್ಸ್ ಮತ್ತು ಕೋಲ್ಟ್ರೇನ್ ಇಬ್ಬರೂ ಟೆನರ್ ಸ್ಯಾಕ್ಸೊಫೋನ್. ಇಬ್ಬರೂ ಒಟ್ಟಿಗೆ ನುಡಿಸಿದ ಬೇರೆ ಮುದ್ರಣ ಸಿಕ್ಕಿಲ್ಲ. ಕೊನೆಗೆ ಒಬ್ಬರು ನಾಲ್ಕು ಆವರ್ತ ಹೇಳಿದರೆ ಇನ್ನೊಬ್ಬರು ನಾಲ್ಕು ಆವರ್ತ ಜವಾಬು ಕೊಡುತ್ತಾರೆ. ಅಲ್ಲಿಯವರೆಗೆ ಮಾವ ಎದ್ದು ಹೋಗದಿದ್ದರೆ, ಇಬ್ಬರಲ್ಲಿ ವಾಲಿ ಯಾರು ಅಂತ ಕೇಳಿ ನನಗೊಂದು ಕಾರ್ಡು ಬರೆಯಿರಿ.