ಐರ್ಲೆಂಡಲ್ಲಿ ಸಾಲ ಕಟ್ಟದಿದ್ರೂ ಮನೆ ಹೋಗುದಿಲ್ಲವಾ? ಮುಳ್ಳೇರಿಯದ ತಂಗಿಗೆ ಉತ್ತರ

ತಂಗೀ, ನಿನ್ನ ಮೆಸೇಜ್ ಓದಿದೆ. ಡಬ್ಲಿನ್ನಲ್ಲಿ ನರ್ಸ್ ಕೆಲಸ ಸಿಕ್ಕಿದ್ದು ಕೇಳಿ ತುಂಬಾ ಖುಷಿಯಾಯ್ತು. ನಾನು ಕಾಸರಗೋಡಿನ ಪೆರ್ಲದವ, ಇಲ್ಲಿಗೆ ಬಂದು ಸುಮಾರು ವರ್ಷ ಆಯ್ತು, ಮನೆಯೂ ಇಲ್ಲೇ ತೆಗೆದಾಯ್ತು. ಬಾಡಿಗೆಗೆ ಅಷ್ಟು ದುಡ್ಡು ಸುರಿಯುವ ಬದಲು ಬೇಗ ಒಂದು ಮನೆ ಮಾಡುವ ಅಂತ ನೀವಿಬ್ರು ಆಲೋಚನೆ ಮಾಡಿದ್ದು ಸರಿಯೇ. ಆದ್ರೆ ನಿನ್ನ ಗಂಡನ ಫ್ರೆಂಡ್ ಹೇಳಿದ ಮಾತು ಉಂಟಲ್ಲ, ಮಾವನವರ ಮನೆ ಅಡವಿಟ್ಟು ಡೆಪಾಸಿಟ್ (ಮನೆಯ ಬೆಲೆಯಲ್ಲಿ ನಾವೇ ಕೈಯಿಂದ ಹಾಕಬೇಕಾದ ಪಾಲು) ಹೊಂದಿಸಿ, ಧೈರ್ಯದಲ್ಲಿ ಲೋನ್ ತೆಗೀರಿ, ನಾಳೆ ಕಂತು ಕಟ್ಲಿಕ್ಕೆ ಆಗದಿದ್ರೂ ಐರ್ಲೆಂಡಲ್ಲಿ ಕೋರ್ಟ್ ಕೇಸ್ ಐದಾರು ವರ್ಷ ಎಳೀತದೆ, ಯಾರೂ ಎಬ್ಬಿಸುದಿಲ್ಲ ಅಂತ, ಅದನ್ನು ದಯವಿಟ್ಟು ನಂಬಬೇಡ.

ಕೇಸ್ ಎಳೀತದೆ ಅನ್ನುದು ಸುಳ್ಳಲ್ಲ. ಯಾಕೆ ಎಳೀತದೆ ಅಂತ ಗೊತ್ತಾದ್ರೆ ಉಳಿದದ್ದು ತನ್ನಿಂದ ತಾನೇ ಅರ್ಥ ಆಗ್ತದೆ. 2008ರ ಮೊದಲು ಇಲ್ಲಿಯ ಬ್ಯಾಂಕುಗಳು ಡೆಪಾಸಿಟ್ ಕೂಡ ಕೇಳದೆ ಮನೆಯ ಪೂರ್ತಿ ಬೆಲೆಗೆ ಸಾಲ ಕೊಟ್ಟದ್ದುಂಟು. ಆಮೇಲೆ ಎಲ್ಲ ಕುಸಿದು ಬಿತ್ತು, 2007ರಲ್ಲಿ ಇದ್ದ ಬೆಲೆ ಐದಾರು ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳೀತು, ಕೆಲಸ ಹೋಯ್ತು, ಮನೆಯ ಬೆಲೆಗಿಂತ ಸಾಲವೇ ದೊಡ್ಡದಾಯ್ತು. 2013ರ ಹೊತ್ತಿಗೆ ವಾಸದ ಮನೆ ಸಾಲಗಳಲ್ಲಿ ಸುಮಾರು ಎಂಟರಲ್ಲಿ ಒಂದು 90 ದಿನಕ್ಕಿಂತ ಹೆಚ್ಚು ಬಾಕಿ. ಅದರ ನಡುವೆ 2011ರಲ್ಲಿ ಹೈಕೋರ್ಟ್ ನ್ಯಾಯಾಧೀಶೆ ಎಲಿಜಬೆತ್ ಡನ್ ಒಂದು ತೀರ್ಪು ಕೊಟ್ರು, 2009ರ ಭೂಮಿ ಕಾನೂನು ಬರುವಾಗ ಹಳೆ ಕಾನೂನಿನ ಒಂದು ಸೆಕ್ಷನ್ ರದ್ದಾಗಿ ಬಿಟ್ಟಿದೆ, ಹಾಗಾಗಿ ಎಷ್ಟೋ ಹಳೆ ಸಾಲಗಳಿಗೆ ಬ್ಯಾಂಕಿನವರು ಆ ದಾರಿಯಲ್ಲಿ ಬಂದು ಮನೆ ಕೇಳುವ ಹಾಗಿಲ್ಲ ಅಂತ. ಅದನ್ನು ಸರಿ ಮಾಡ್ಲಿಕ್ಕೆ ಸರ್ಕಾರಕ್ಕೆ 2013ರಲ್ಲಿ ಹೊಸ ಕಾನೂನು ತರಬೇಕಾಯ್ತು. ಎರಡು ವರ್ಷ ನಿಂತ ಕೇಸುಗಳೆಲ್ಲ ಒಟ್ಟಿಗೆ ಹೈಕೋರ್ಟಿನ ಕೆಳಗಿನ ಸರ್ಕ್ಯೂಟ್ ಕೋರ್ಟಿಗೆ ಬಂದು ಬಿದ್ವು. "ಐರ್ಲೆಂಡಲ್ಲಿ ಮನೆ ಹೋಗುದಿಲ್ಲ" ಅನ್ನುವ ಮಾತು ಗಟ್ಟಿಯಾದ್ದು ಆ ವರ್ಷಗಳಲ್ಲೇ.

ಇನ್ನೊಂದು ಹಳೇ ಕಾರಣವೂ ಉಂಟು. ಇಲ್ಲಿಯ ಜನಕ್ಕೆ ಮನೆಯಿಂದ ಎಬ್ಬಿಸುದು ಅಂದ್ರೆ ಬರೇ ಬ್ಯಾಂಕಿನ ವಿಷಯ ಅಲ್ಲ. 1840ರ ದಶಕದ ಕ್ಷಾಮದಲ್ಲಿ ಧಣಿಗಳು ಗೇಣಿ ಒಕ್ಕಲುಗಳನ್ನು ಗುಡಿಸಲು ಕೆಡವಿ ಓಡಿಸಿದ್ದು, ಆಮೇಲೆ 1879ರಲ್ಲಿ ಲ್ಯಾಂಡ್ ಲೀಗ್ ಅಂತ ಒಕ್ಕಲುಗಳ ಚಳವಳಿ ಶುರುವಾದದ್ದು ಇವತ್ತಿಗೂ ಮನೆಮಾತು. 1970ರಲ್ಲಿ ಭೂಸುಧಾರಣೆ ಬಂದು ಗೇಣಿಯವರಿಗೆ ಜಾಗ ಸಿಕ್ಕಿದ ನಮ್ಮ ಊರಿನವರಿಗೆ ಇದು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಜಡ್ಜ್ ಆದ್ರೂ, ಇಂಥ ಕೇಸ್ ಕೇಳುವ ಕೋರ್ಟಿನ ಅಧಿಕಾರಿ ರಿಜಿಸ್ಟ್ರಾರ್ ಆದ್ರೂ ಕುಟುಂಬ ವಾಸ ಇರುವ ಮನೆಗೆ ಆರ್ಡರ್ ಹಾಕುವ ಮೊದಲು ನಾಲ್ಕು ಸಲ ಆಲೋಚನೆ ಮಾಡ್ತಾರೆ, ಅದು ಒಳ್ಳೇದೇ ಅಂತ ನನ್ನ ಅಭಿಪ್ರಾಯ.

ನಾನು ಆ ಕೋರ್ಟನ್ನು ಕಣ್ಣಾರೆ ನೋಡಿದ್ದೇನೆ. ನನ್ನೊಟ್ಟಿಗೆ ಕೆಲಸ ಮಾಡುವ ಒಬ್ಬರು ಐರಿಶ್ ಅಕ್ಕ, ಗಂಡನಿಗೆ ಕಟ್ಟಡದ ಕೆಲಸ, ಅದು ನಿಂತು ಹೋಗಿ ಕಂತು ತಪ್ಪಿತ್ತು. ಒಬ್ಬಳೇ ಹೋಗ್ಲಿಕ್ಕೆ ಹೆದರಿಕೆ ಅಂತ ನನ್ನನ್ನು ಕರ್ಕೊಂಡು ಹೋದ್ರು. ಕೌಂಟಿ ರಿಜಿಸ್ಟ್ರಾರ್ ಎದುರು ಉದ್ದದ ಲಿಸ್ಟ್, ಬ್ಯಾಂಕಿನ ಕಡೆಯ ಸಾಲಿಸಿಟರ್ ಎದುರು ಮೇಜಿನ ಮೇಲೆ ಫೈಲಿನ ರಾಶಿ, ಒಂದೊಂದು ಕೇಸಿಗೆ ಎರಡು ಮೂರು ನಿಮಿಷ. ಹೆಸರು ಕರೀತಾರೆ, ಸಾಲಗಾರ ಬಂದಿದ್ದಾರಾ ಅಂತ ಕೇಳ್ತಾರೆ. ಎಷ್ಟೋ ಹೆಸರಿಗೆ ಯಾರೂ ಏಳುದೇ ಇಲ್ಲ. ಎದ್ದು ನಿಂತು, ಇಷ್ಟು ಸಂಬಳ ಬರ್ತದೆ, ಇಷ್ಟು ಕಟ್ತಾ ಇದ್ದೇವೆ, ಸಲಹೆಗಾರರ ಹತ್ರ ಹೋಗಿದ್ದೇವೆ ಅಂತ ಹೇಳಿದವರಿಗೆ ಮುಂದಿನ ಡೇಟ್ ಸಿಕ್ತದೆ. ಆ ಅಕ್ಕನಿಗೂ ಸಿಕ್ತು. ಅವರು ಬ್ಯಾಂಕಿನ ಲಕೋಟೆಗಳನ್ನು ಒಡೆಯದೆಯೇ ಅಡುಗೆಮನೆಯ ಡ್ರಾಯರಲ್ಲಿ ತುಂಬಿಸಿ ಇಟ್ಟಿದ್ರು, ಅಷ್ಟು ಭಯ. ಮ್ಯಾಬ್ಸ್ ಅಂತ ಸರ್ಕಾರದ ದುಡ್ಡಲ್ಲಿ ನಡೆಯುವ ಫ್ರೀ ಸಲಹಾ ಸಂಸ್ಥೆ ಉಂಟು, ಅಲ್ಲಿಯ ಹೆಂಗಸು ಒಂದೊಂದೇ ಲಕೋಟೆ ಒಡೆದು, ಅವರೊಟ್ಟಿಗೆ ಕೂತು ಲೆಕ್ಕ ಬರೆದು ಕೊಟ್ರು. ಕೊನೆಗೆ ಸಾಲವನ್ನು ಎರಡು ಭಾಗ ಮಾಡಿದ್ರು, ಒಂದಕ್ಕೆ ಈಗ ಕಂತು, ಇನ್ನೊಂದನ್ನು ಬದಿಗೆ ಇಟ್ರು. ಮನೆ ಉಳೀತು.

ಅಲ್ಲಿ ಸಿಕ್ಕಿದ ಸಮಯ ಕಟ್ಲಿಕ್ಕೆ ಆಗದವರಿಗೆ. ಸಂಬಳ ಬರ್ತಾ ಇದ್ದು ಬೇಕೂಂತಲೇ ಕಟ್ಟದೆ ಕೂರುವವರು ಅದೇ ಸಾಲಿನಲ್ಲಿ ನಿಂತು ಆ ಅಕ್ಕನಂಥವರ ಸಮಯ ತಿಂತಾರೆ, ನನಗೆ ಸಿಟ್ಟು ಬರುದು ಅದಕ್ಕೇ. ಅವರಿಂದಾಗಿ ನಿಜವಾಗಿ ಕಷ್ಟದಲ್ಲಿ ಇರುವವರನ್ನೂ ಜನ ಅನುಮಾನದಲ್ಲಿ ನೋಡುವ ಹಾಗೆ ಆಯ್ತು. ಬಡ್ಡಿಯೂ ಹಾಗೆಯೇ, 2010ರ ನಂತರ ಎಷ್ಟೋ ವರ್ಷ ಐರ್ಲೆಂಡಿನ ಹೊಸ ಮನೆ ಸಾಲದ ಬಡ್ಡಿ ಯೂರೋ ದೇಶಗಳಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಮನೆ ಅಡವಿದ್ರೂ ಬ್ಯಾಂಕಿಗೆ ಅದು ಬೇಗ ಕೈಗೆ ಸಿಕ್ಕುದಿಲ್ಲ ಅನ್ನುದು ಅದಕ್ಕೆ ಒಂದು ಕಾರಣ. ಅದನ್ನು ಸರಿಯಾಗಿ ಕಟ್ಟಿದ ನಮ್ಮಂಥವರೇ ತೆತ್ತದ್ದು.

ಈಗ ಲೆಕ್ಕ ನೋಡು. 3 ಲಕ್ಷ ಯೂರೋ ಸಾಲ, 4 ಪರ್ಸೆಂಟ್ ಬಡ್ಡಿ, 30 ವರ್ಷ ಅಂತ ಇಟ್ಕೊಳ್ಳುವ, ತಿಂಗಳಿಗೆ ಸುಮಾರು 1,432 ಯೂರೋ ಕಂತು. ಐದು ವರ್ಷ ಸರಿಯಾಗಿ ಕಟ್ಟಿದ್ರೆ ಬಾಕಿ 2 ಲಕ್ಷ 71 ಸಾವಿರಕ್ಕೆ ಇಳೀತದೆ. ಐದು ವರ್ಷ ಒಂದು ಸೆಂಟೂ ಕಟ್ಟದೆ ಕೂತ್ರೆ ಬಡ್ಡಿಗೆ ಬಡ್ಡಿ ಸೇರಿ 3 ಲಕ್ಷ 66 ಸಾವಿರ ಆಗ್ತದೆ, ಅದರ ಮೇಲೆ ಕೋರ್ಟ್ ಖರ್ಚು ಬೇರೆ. ಮನೆ ಮಾರಿ ಬಂದ ದುಡ್ಡು ಸಾಲಕ್ಕೆ ಸಾಕಾಗದಿದ್ರೆ ಉಳಿದದ್ದು ನಿನ್ನ ತಲೆ ಮೇಲೆಯೇ, ಕೀಲಿ ಕೊಟ್ಟು ಕೈ ತೊಳ್ಕೊಳ್ಳುವ ಪದ್ಧತಿ ಇಲ್ಲಿ ಇಲ್ಲ. ಸೆಂಟ್ರಲ್ ಕ್ರೆಡಿಟ್ ರಿಜಿಸ್ಟರ್ ಅಂತ ಉಂಟು, 500 ಯೂರೋ ಮತ್ತು ಮೇಲಿನ ಸಾಲಗಳೆಲ್ಲ ಅದರಲ್ಲಿ ಬರ್ತದೆ, ಸಾಲ ಮುಗಿದ ಮೇಲೂ ಐದು ವರ್ಷ ದಾಖಲೆ ಇರ್ತದೆ, ಮತ್ತೆ ಕಾರ್ ಲೋನಿಗೆ ಹೋದ್ರೂ ಅದನ್ನು ನೋಡ್ತಾರೆ. ಇನ್ನೊಂದು, ಬಾಕಿ ಆದ ಸಾಲಗಳನ್ನು ಬ್ಯಾಂಕುಗಳು ರಾಶಿ ರಾಶಿಯಾಗಿ ಫಂಡುಗಳಿಗೆ, ಅಂದ್ರೆ ಸಾಲ ಕೊಳ್ಳುವ ಹೂಡಿಕೆ ಕಂಪನಿಗಳಿಗೆ ಮಾರಿದ್ವು. 2022ರಿಂದ ಯೂರೋಪಿನ ಸೆಂಟ್ರಲ್ ಬ್ಯಾಂಕ್ ಬಡ್ಡಿ ಏರಿಸುವಾಗ ಹಾಗೆ ಮಾರಿದ ಸಾಲದವರು ಬೇರೆ ಬ್ಯಾಂಕಿಗೆ ಬದಲಾಯಿಸ್ಲಿಕ್ಕೂ ಆಗದೆ ಒದ್ದಾಡಿದ್ದನ್ನು ನಾವೆಲ್ಲ ನೋಡಿದ್ದೇವೆ.

ದುಬೈಯಿಂದ ಸಾಲ ಬಿಟ್ಟು ರಾತ್ರೋರಾತ್ರಿ ಊರಿಗೆ ಬಂದವರ ಕತೆ ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಕೇಳಿದ್ದೇ. ಅಲ್ಲಿಯ ಕೋರ್ಟಿನ ಡಿಕ್ರಿಯನ್ನು ನಮ್ಮ ಕೋರ್ಟುಗಳಲ್ಲೇ ಜಾರಿ ಮಾಡಿಸುವ ಹಾಗೆ 2020ರಲ್ಲಿ ಕೇಂದ್ರ ಸರ್ಕಾರ ನೋಟಿಫಿಕೇಶನ್ ಮಾಡಿದೆ, ಹಾಗಾಗಿ ಆ ಕಾಲವೂ ಮುಗೀತು. ನೀನು ಇಲ್ಲಿಗೆ ಬರುದು ಮುಂದೆ ಸಿಟಿಜನ್‌ಶಿಪ್ ಆಸೆ ಇಟ್ಕೊಂಡು, ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕ್ಲಿಕ್ಕೆ, ಓಡಿ ಹೋಗುವ ಆಲೋಚನೆ ತಲೆಗೇ ತರಬೇಡ.

ಡೆಪಾಸಿಟ್ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೆದರಿಕೆ. ಮೊದಲ ಮನೆಗೆ ಬೆಲೆಯ 10 ಪರ್ಸೆಂಟ್ ನೀವೇ ಹಾಕಬೇಕು, ಸಾಲ ವರ್ಷದ ಆದಾಯದ ನಾಲ್ಕು ಪಟ್ಟಿನವರೆಗೆ, ಇದು 2023ರಿಂದ ಇಲ್ಲಿಯ ಸೆಂಟ್ರಲ್ ಬ್ಯಾಂಕಿನ ನಿಯಮ. ಆ 10 ಪರ್ಸೆಂಟ್ ಎಲ್ಲಿಂದ ಬಂತು ಅಂತ ಕೇಳಿಯೇ ಕೇಳ್ತಾರೆ. ಮನೆಯವರು ಕೊಟ್ಟದ್ದಾದ್ರೆ ಇದು ವಾಪಸ್ ಕೊಡಬೇಕಾದ ದುಡ್ಡು ಅಲ್ಲ ಅಂತ ಅವರಿಂದ ಸಹಿ ಮಾಡಿದ ಲೆಟರ್ ಬೇಕು. ಮಾವನವರ ಮನೆ ಅಡವಿಟ್ಟು ತಂದದ್ದಕ್ಕೆ ಹಾಗೆ ಬರ್ಕೊಡುದು ಅಂದ್ರೆ ಶುದ್ಧ ಸುಳ್ಳು. ಮತ್ತೆ ಇಲ್ಲಿ ಕೋರ್ಟ್ ನಿಧಾನ ಅಂತ ಊರಲ್ಲಿಯೂ ನಿಧಾನ ಅಂತ ಎಣಿಸಬೇಡ. ನಮ್ಮ ದೇಶದ 2002ರ ಸರ್ಫಾಸಿ ಕಾನೂನಲ್ಲಿ 90 ದಿನ ಕಂತು ತಪ್ಪಿದ್ರೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಮತ್ತೆ 60 ದಿನದ ನೋಟೀಸ್, ಆಮೇಲೆ ಕೇಸ್ ಹಾಕದೆಯೇ ಬ್ಯಾಂಕಿನವರು ಜಪ್ತಿಗೆ ಬರಬಹುದು. ನೀವು ಡಬ್ಲಿನ್ನಲ್ಲಿ ಕಂತಿಗೆ ಒದ್ದಾಡುವಾಗ ನೋಟೀಸ್ ಅಂಟಿಸುದು ಮುಳ್ಳೇರಿಯದಲ್ಲಿ, ಮಾವನವರ ಬಾಗಿಲಿಗೆ. ಆ ಮನೆಗೆ ಮಾತ್ರ ಕೈ ಹಾಕಬೇಡಿ.

ಮನೆ ತೆಗೆದ ಮೇಲೆ ಯಾವತ್ತಾದ್ರೂ ಕಷ್ಟ ಬಂದ್ರೆ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೇಳು. ಅವರು ಆದಾಯ ಖರ್ಚಿನ ಒಂದು ದೊಡ್ಡ ಫಾರ್ಮ್ ಕೊಡ್ತಾರೆ, ಊರಲ್ಲಿ ನಿಮ್ಮ ಹೆಸರಲ್ಲಿ ಜಾಗ ಇದ್ರೆ ಅದನ್ನೂ ಬರೀಬೇಕು, ಮುಚ್ಚಿಡಬಾರದು. ಸಹಕರಿಸ್ತಾ ಇದ್ರೆ ಬಾಕಿ ಶುರುವಾಗಿ ಎಂಟು ತಿಂಗಳವರೆಗೆ ಬ್ಯಾಂಕಿನವರು ಕೋರ್ಟಿಗೆ ಹೋಗುವ ಹಾಗಿಲ್ಲ ಅಂತ ಇಲ್ಲಿಯ ಸೆಂಟ್ರಲ್ ಬ್ಯಾಂಕಿನ 2013ರ ನಿಯಮಾವಳಿಯಲ್ಲೇ ಬರೆದಿದ್ರು. ಫೋನ್ ತೆಗೆಯದೆ, ಫಾರ್ಮ್ ತುಂಬಿಸದೆ ಕೂತವರಿಗೆ ಆ ರಕ್ಷಣೆ ಇಲ್ಲ.

ಈಗ ಮೊದಲು ಬಂದು ಒಂದೆರಡು ವರ್ಷ ಬಾಡಿಗೆ ಮನೆಯಲ್ಲಿ ಇರಿ, ನಿನ್ನ ಸಂಬಳದಿಂದ ತಿಂಗಳು ತಿಂಗಳು ಒಂದೇ ಅಕೌಂಟಿಗೆ ಹಾಕ್ತಾ ಬಾ, ಬ್ಯಾಂಕಿನವರು ಆ ಉಳಿತಾಯವನ್ನೇ ನೋಡುದು. ಹೊಸ ಮನೆ ಆದ್ರೆ ಹೆಲ್ಪ್ ಟು ಬೈ ಅಂತ ಸ್ಕೀಮಲ್ಲಿ ನೀವು ಕಟ್ಟಿದ ಟ್ಯಾಕ್ಸಿಂದ 30,000 ಯೂರೋವರೆಗೆ ವಾಪಸ್ ಸಿಗ್ತದೆ, ಅದೂ ಡೆಪಾಸಿಟ್‌ಗೆ ಆಗ್ತದೆ. ಗಂಡನಿಗೂ ಇಲ್ಲಿ ಕೆಲಸ ಸಿಕ್ಕಿ ಪೇಸ್ಲಿಪ್ ಬರ್ಲಿಕ್ಕೆ ಶುರುವಾದ ಮೇಲೆ ಇಬ್ರೂ ಒಂದು ಆದಿತ್ಯವಾರ ನಮ್ಮಲ್ಲಿಗೆ ಊಟಕ್ಕೆ ಬನ್ನಿ, ಕೂತು ಲೆಕ್ಕ ಹಾಕುವ.